ಓಣಿಯಲ್ಲಿ ಡೆಂಗಿ ಹರಡುವುದನ್ನು ನಿವಾಸಿಗಳೇ ದಾಖಲಿಸುವುದಾದರೆ ಏನನ್ನು ಬರೆಯಬೇಕು?

ಉಣಕಲ್ ನಿವಾಸಿ
ಮಳೆ ಹಿಡಿದಂದಿನಿಂದ ನಮ್ಮ ಬಡಾವಣೆಯಲ್ಲಿ ಜ್ವರ ಹೆಚ್ಚಾಗಿದೆ. ಒಂದೇ ಸಾಲಿನ ಹಲವು ಮನೆಗಳಲ್ಲಿ ಡೆಂಗಿ ಎಂದು ವೈದ್ಯರು ಹೇಳಿದ್ದಾರೆ, ಕೆಲವರು ಆಸ್ಪತ್ರೆ ಸೇರಿ ಮರಳಿದ್ದಾರೆ. ಆದರೂ ದಿನಪತ್ರಿಕೆಯಲ್ಲಿ ಬರುವ ಜಿಲ್ಲೆಯ ಒಟ್ಟು ಸಂಖ್ಯೆಯನ್ನು ನೋಡಿ ನಮ್ಮ ಓಣಿಯಲ್ಲಿ ರೋಗ ಏರುತ್ತಿದೆಯೇ, ಇಳಿಯುತ್ತಿದೆಯೇ ಎಂದು ತಿಳಿಯಲು ಸಾಧ್ಯವಾಗುತ್ತಿಲ್ಲ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ 2021ರ ಚುನಾವಣೆಯಲ್ಲಿ 82 ವಾರ್ಡುಗಳಿದ್ದವು, ಒಂದೊಂದು ವಾರ್ಡಿನಲ್ಲಿ ಹತ್ತಾರು ಓಣಿಗಳಿವೆ.

ಆದ್ದರಿಂದ ನಿವಾಸಿಗಳ ಸಂಘದಿಂದ ಒಂದು ದಾಖಲೆ ಪುಸ್ತಕ ಇಡಬೇಕೆಂದು ಯೋಚಿಸಿದ್ದೇವೆ. ಯಾರಿಗೆ ಜ್ವರ ಬಂತು, ಯಾವಾಗ ಬಂತು ಎಂದು ಬರೆದುಕೊಂಡರೆ ಸಾಕೇ? ಅದಕ್ಕಿಂತ ಹೆಚ್ಚಿನದು ಬೇಕೇ? ಬರೆದದ್ದನ್ನು ಯಾರಿಗೆ ಕೊಟ್ಟರೆ ಉಪಯೋಗಕ್ಕೆ ಬರುತ್ತದೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಗೋಕುಲ ರಸ್ತೆಯ ವ್ಯಾಪಾರಿ
ಇದು ಆರೋಗ್ಯ ಇಲಾಖೆ ಮಾಡಬೇಕಾದ ಕೆಲಸ. ಸಂಘದವರು ಪುಸ್ತಕ ಹಿಡಿದು ಮನೆಮನೆಗೆ ಹೋಗುವುದರಿಂದ ಭಯ ಹರಡುತ್ತದೆಯೇ ಹೊರತು ರೋಗ ನಿಲ್ಲುವುದಿಲ್ಲ.

ಮಾಳಮಡ್ಡಿಯ ಗಣಿತ ಮಾಸ್ತರ
ಇಲಾಖೆಯ ಕೆಲಸ ಎಂಬುದು ನಿಜ. ಆದರೆ ಇಲಾಖೆಗೆ ಸುದ್ದಿ ಮುಟ್ಟುವುದು ರೋಗಿ ಪ್ರಯೋಗಾಲಯದ ಬಾಗಿಲಿಗೆ ಬಂದಾಗ ಮಾತ್ರ. ಡೆಂಗಿ ವೈರಸ್ ತಗುಲಿದವರಲ್ಲಿ ಬಹುಪಾಲು ಜನರಿಗೆ ಜ್ವರವೇ ಬರುವುದಿಲ್ಲ ಅಥವಾ ಒಂದೆರಡು ದಿನದ ಮೈನೋವಿನಲ್ಲಿ ಮುಗಿಯುತ್ತದೆ. ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 39 ಕೋಟಿ ಸೋಂಕುಗಳಾಗುತ್ತವೆ, ಅದರಲ್ಲಿ ಲಕ್ಷಣ ಕಾಣುವುದು ಸುಮಾರು 9.6 ಕೋಟಿ ಜನರಲ್ಲಿ ಎಂದು 2013ರಲ್ಲಿ ವಿಜ್ಞಾನಿಗಳು ಅಂದಾಜಿಸಿದ್ದರು. ಅಂದರೆ ನಾಲ್ವರಲ್ಲಿ ಮೂವರು ಯಾವ ಪಟ್ಟಿಗೂ ಬರುವುದಿಲ್ಲ.

ಕೊರೊನಾ ಕಾಲದಲ್ಲೂ ಹೀಗೆಯೇ ಆಗಿತ್ತು. 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ರಕ್ತದ ಮಾದರಿಗಳ ಸಮೀಕ್ಷೆ ನಡೆಸಿದಾಗ, ಪತ್ತೆಯಾದ ಒಬ್ಬೊಬ್ಬರಿಗೆ ಸುಮಾರು 40 ಸೋಂಕುಗಳು ಇದ್ದವೆಂಬ ಲೆಕ್ಕ ಬಂದಿತ್ತು. ಆದ್ದರಿಂದ ನಮ್ಮ ಪುಸ್ತಕದಲ್ಲಿ ಎಲ್ಲ ಸೋಂಕುಗಳೂ ದಾಖಲಾಗುತ್ತವೆ ಎಂಬ ನಿರೀಕ್ಷೆ ಬೇಡ. ಏರಿಳಿತವನ್ನು ಬೇಗ ಗುರುತಿಸುವುದು ಅದರ ಕೆಲಸ, ಅದಕ್ಕೆ ಅದು ಸಾಕು.

ಹಾವೇರಿಯ ನಿವೃತ್ತ ಆರೋಗ್ಯ ನಿರೀಕ್ಷಕ
ಉಣಕಲ್ ಸರ್, ಮೊದಲು ಸರ್ಕಾರದ ವ್ಯವಸ್ಥೆ ಹೇಗಿದೆ ಎಂಬುದನ್ನು ತಿಳಿದುಕೊಳ್ಳಿ, ಆಮೇಲೆ ನಿಮ್ಮದನ್ನು ಅದಕ್ಕೆ ಜೋಡಿಸಿ. ಸಮಗ್ರ ರೋಗ ಕಣ್ಗಾವಲು ಕಾರ್ಯಕ್ರಮ 2004ರಿಂದ ನಡೆದಿದೆ. ಅದರಲ್ಲಿ ಮೂರು ನಮೂನೆಗಳಿವೆ. ಕ್ಷೇತ್ರ ಸಿಬ್ಬಂದಿ ಸಂಶಯಾಸ್ಪದ ಪ್ರಕರಣಗಳನ್ನು ‘ಎಸ್’ ನಮೂನೆಯಲ್ಲಿ ಬರೆಯುತ್ತಾರೆ, ವೈದ್ಯರು ತಮ್ಮ ಪರೀಕ್ಷೆಯ ಆಧಾರದ ಮೇಲೆ ‘ಪಿ’ ನಮೂನೆ ತುಂಬುತ್ತಾರೆ, ಪ್ರಯೋಗಾಲಯ ಖಚಿತಪಡಿಸಿದ್ದು ‘ಎಲ್’ ನಮೂನೆಗೆ ಹೋಗುತ್ತದೆ. ಈಗ ಇದೆಲ್ಲ ಕಾಗದದಿಂದ ಗಣಕಕ್ಕೆ ಬದಲಾಗಿದೆ.

ಕೊರತೆ ಇರುವುದು ‘ಎಸ್’ ನಮೂನೆಯ ಹಂತದಲ್ಲಿ. ಹಳ್ಳಿಯಲ್ಲಿ ಕಿರಿಯ ಆರೋಗ್ಯ ಸಹಾಯಕಿಗೆ ಪ್ರತಿ ಮನೆಯೂ ಗೊತ್ತಿರುತ್ತದೆ, ಆದ್ದರಿಂದ ಜ್ವರದ ಸುದ್ದಿ ಅದೇ ವಾರ ಬರುತ್ತದೆ. ನಗರದಲ್ಲಿ ಬಾಡಿಗೆದಾರರು ಬದಲಾಗುತ್ತಾರೆ, ಬೆಳಗ್ಗೆ ಹೊರಟವರು ರಾತ್ರಿ ಬರುತ್ತಾರೆ, ಬಾಗಿಲಿಗೆ ಬೀಗ ಇರುತ್ತದೆ. 2006ರಲ್ಲಿ ಚಿಕೂನ್‌ಗುನ್ಯಾ ಬಂದಾಗ ಊರಿಗೆ ಊರೇ ಕೀಲು ಹಿಡಿದು ಮಲಗಿತ್ತು, ಕೇಳದಿದ್ದರೂ ಜನ ಬಂದು ಹೇಳುತ್ತಿದ್ದರು. ಡೆಂಗಿ ಹಾಗೆ ಕಾಣಿಸಿಕೊಳ್ಳುವುದಿಲ್ಲ. ನಿವಾಸಿಗಳ ಸಂಘ ನೆರವಾಗಬಹುದಾದ ಜಾಗ ಇದೇ.

ರಕ್ತಪರೀಕ್ಷೆಯ ಮೇಜಿನಿಂದ
ನಾನು ಹುಬ್ಬಳ್ಳಿಯ ಒಂದು ಪ್ರಯೋಗಾಲಯದಲ್ಲಿ ತಂತ್ರಜ್ಞೆ. ‘ವೈದ್ಯರು ಡೆಂಗಿ ಎಂದರು, ಸರ್ಕಾರದ ಪಟ್ಟಿಯಲ್ಲಿ ಇಲ್ಲ’ ಎಂಬ ದೂರನ್ನು ದಿನವೂ ಕೇಳುತ್ತೇನೆ. ಇದಕ್ಕೆ ಕಾರಣವಿದೆ. ಬಹಳಷ್ಟು ಕಡೆ ಕಾರ್ಡ್ ಪರೀಕ್ಷೆ ಮಾಡುತ್ತಾರೆ, ಅರ್ಧ ಗಂಟೆಯೊಳಗೆ ಗೆರೆ ಮೂಡುತ್ತದೆ. ಆದರೆ ಸರ್ಕಾರ ಖಚಿತ ಪ್ರಕರಣವೆಂದು ಲೆಕ್ಕಕ್ಕೆ ಹಿಡಿಯುವುದು ಪ್ರಯೋಗಾಲಯದ ಯಂತ್ರದಲ್ಲಿ ಮಾಡುವ ಎಲೈಸಾ ಎಂಬ ರಕ್ತಪರೀಕ್ಷೆಯ ಫಲಿತಾಂಶವನ್ನು. ಕಾರ್ಡಿನಲ್ಲಿ ಪಾಸಿಟಿವ್ ಬಂದವರು ಎಲೈಸಾ ಮಾಡಿಸದಿದ್ದರೆ ಸಂಶಯಾಸ್ಪದರಾಗಿಯೇ ಉಳಿಯುತ್ತಾರೆ.

ಎರಡನೆಯದು ದಿನದ ಲೆಕ್ಕ. ಜ್ವರ ಬಂದ ಮೊದಲ ಐದು ದಿನಗಳಲ್ಲಿ ವೈರಸ್ಸಿನ ಪ್ರೋಟೀನನ್ನು ಹುಡುಕುವ ಎನ್‌ಎಸ್1 ಪರೀಕ್ಷೆ ಮಾಡಬೇಕು, ಆ ಬಳಿಕ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಮಾಡಬೇಕು. ಜ್ವರ ಬಂದು ಏಳನೇ ದಿನಕ್ಕೆ ಎನ್‌ಎಸ್1 ಮಾಡಿಸಿ ನೆಗೆಟಿವ್ ಬಂತೆಂದು ನೆಮ್ಮದಿಯಿಂದ ಹೋಗುವವರಿದ್ದಾರೆ. ಇನ್ನೊಂದೆಡೆ, ಐಜಿಎಂ ಒಮ್ಮೆ ಕಾಣಿಸಿಕೊಂಡರೆ ಎರಡು ಮೂರು ತಿಂಗಳು ಉಳಿಯಬಹುದು, ಹಾಗಾಗಿ ಹಿಂದಿನ ಸೋಂಕನ್ನು ಈ ವಾರದ್ದೆಂದು ಎಣಿಸುವ ಅಪಾಯವಿದೆ. ನಿಮ್ಮ ಪುಸ್ತಕದಲ್ಲಿ ‘ಪರೀಕ್ಷೆ ಪಾಸಿಟಿವ್’ ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ಪರೀಕ್ಷೆ, ಜ್ವರದ ಎಷ್ಟನೇ ದಿನ ಎಂಬುದು ಇರಲೇಬೇಕು.

ಗೋಕುಲ ರಸ್ತೆಯ ವ್ಯಾಪಾರಿ
ಎಲೈಸಾಗೆ ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಹೇಳಿ. ಬಡವರು ಎರಡೆರಡು ಬಾರಿ ದುಡ್ಡು ಕೊಡುವುದು ಎಲ್ಲಿಂದ?

ರಕ್ತಪರೀಕ್ಷೆಯ ಮೇಜಿನಿಂದ
2024ರಲ್ಲಿ ಸರ್ಕಾರ ದರ ಗೊತ್ತುಪಡಿಸಿತು. ಎನ್‌ಎಸ್1 ಎಲೈಸಾಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300 ರೂಪಾಯಿ, ಕಾರ್ಡ್ ಪರೀಕ್ಷೆಗೆ 250 ರೂಪಾಯಿ. ಕಿಮ್ಸ್ ಎಂದು ನಾವೆಲ್ಲ ಕರೆಯುವ ಸರ್ಕಾರಿ ಆಸ್ಪತ್ರೆಗೆ ಹೋದರೆ ಇಷ್ಟೂ ಆಗುವುದಿಲ್ಲ.

ಸಪ್ತಾಪುರದ ಅಭ್ಯರ್ಥಿ
ನಮ್ಮ ಕಡೆಯ ಸಮಸ್ಯೆ ಬೇರೆ. ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಪಿಜಿ ಮತ್ತು ಬಾಡಿಗೆ ಕೋಣೆಗಳಲ್ಲಿ ತುಂಬಿದ್ದೇವೆ. ಜ್ವರ ಬಂದರೆ ನೋಡಿಕೊಳ್ಳುವವರಿಲ್ಲ, ಬಸ್ಸು ಹತ್ತಿ ಊರಿಗೆ ಹೋಗುತ್ತೇವೆ. ನನ್ನ ಕೋಣೆಯ ಗೆಳೆಯ ಇಲ್ಲಿ ಜ್ವರ ಹಿಡಿದು ಬಾಗಲಕೋಟೆ ಜಿಲ್ಲೆಯ ತನ್ನ ಊರಿನಲ್ಲಿ ಪರೀಕ್ಷೆ ಮಾಡಿಸಿದ. ಅವನ ಆಧಾರ್ ಕಾರ್ಡಿನಲ್ಲಿ ಊರಿನ ವಿಳಾಸವಿದೆ. ಸೊಳ್ಳೆ ಕಚ್ಚಿದ್ದು ಧಾರವಾಡದಲ್ಲಿ, ಔಷಧ ಸಿಂಪಡಿಸಿದ್ದು ಅವನ ಊರಿನಲ್ಲಿ. ನಮ್ಮ ಕಟ್ಟಡದ ಮಾಳಿಗೆಯ ತೊಟ್ಟಿಯನ್ನು ಯಾರೂ ನೋಡಲಿಲ್ಲ.

ಹಾವೇರಿಯ ನಿವೃತ್ತ ಆರೋಗ್ಯ ನಿರೀಕ್ಷಕ
ತಮ್ಮಾ, ನೀನು ಹೇಳಿದ್ದು ಸರಿಯಾಗಿದೆ, ಆದರೆ ಅದಕ್ಕೆ ದಾರಿಯೂ ಇದೆ. ಪ್ರಕರಣದ ತನಿಖೆ ಮಾಡುವವರು ಹಿಂದಿನ ಎರಡು ವಾರ ರೋಗಿ ಎಲ್ಲಿದ್ದ ಎಂದು ಕೇಳಿ ಬರೆಯಬೇಕು. ಸೊಳ್ಳೆ ಕಚ್ಚಿದ ನಾಲ್ಕರಿಂದ ಹತ್ತು ದಿನಗಳಲ್ಲಿ ಜ್ವರ ಬರುತ್ತದೆ, ಆ ಅವಧಿಯಲ್ಲಿ ಇದ್ದ ಸ್ಥಳವೇ ಮುಖ್ಯ. ಕಾಯಂ ವಿಳಾಸಕ್ಕೆ ಇಲ್ಲಿ ಬೆಲೆಯಿಲ್ಲ. ಹಾವೇರಿ, ಗದಗ, ಉತ್ತರ ಕನ್ನಡದಿಂದ ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ಬರುವ ರೋಗಿಗಳ ವಿಷಯದಲ್ಲಿ ಇದೇ ತೊಡಕು ತಿರುವುಮುರುವಾಗಿ ಆಗುತ್ತದೆ. ನಾನು ಕೆಲಸದಲ್ಲಿದ್ದಾಗ ಪ್ರಶ್ನೆಯನ್ನು ಹೀಗೆ ಕೇಳುತ್ತಿದ್ದೆವು: ‘ಜ್ವರ ಬರುವ ಹಿಂದಿನ ವಾರ ಹಗಲು ಹೊತ್ತು ಎಲ್ಲಿ ಕಳೆದಿರಿ?’ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ, ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುನ್ನ ಅದರ ಕಾಟ ಹೆಚ್ಚು. ರಾತ್ರಿ ಮಲಗುವ ಮನೆಯ ವಿಳಾಸಕ್ಕಿಂತ ಶಾಲೆ, ಕಚೇರಿ, ಅಂಗಡಿಯ ವಿಳಾಸ ಹೆಚ್ಚು ಹೇಳಬಲ್ಲದು.

ಕೇಶ್ವಾಪುರದ ವಕೀಲೆ
ಇಷ್ಟೆಲ್ಲ ವಿವರ ಕೇಳುವ ಅಧಿಕಾರ ಆರೋಗ್ಯ ಸಿಬ್ಬಂದಿಗೆ ಇದೆ, ನಿವಾಸಿಗಳ ಸಂಘಕ್ಕೆ ಇಲ್ಲ. 2020ರಲ್ಲಿ ಏನಾಯಿತೆಂದು ನಾವೆಲ್ಲ ನೋಡಿದ್ದೇವೆ. ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸದ ಪಟ್ಟಿಗಳು ಮೊಬೈಲಿನಿಂದ ಮೊಬೈಲಿಗೆ ಹೋದವು, ಬಾಗಿಲಿಗೆ ಚೀಟಿ ಅಂಟಿತು, ಹಾಲಿನವನು ಆ ಮನೆಗೆ ಹೋಗಲಿಲ್ಲ, ಕೆಲವರು ಮನೆ ಬಿಡಬೇಕಾಯಿತು. ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ರೋಗಿಗಳ ಮನೆಯ ಹೊರಗೆ ಅಂಥ ಚೀಟಿ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳುವ ಹೊತ್ತಿಗೆ ಆಗಬೇಕಾದ ಅವಮಾನವೆಲ್ಲ ಆಗಿಹೋಗಿತ್ತು. ಹೆಸರು ಮತ್ತು ಮನೆ ಸಂಖ್ಯೆ ಇರುವ ಪುಸ್ತಕವನ್ನು ಸಂಘದ ಕಪಾಟಿನಲ್ಲಿ ಇಡುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ.

ಗೋಕುಲ ರಸ್ತೆಯ ವ್ಯಾಪಾರಿ
ನಾನು ಆಗಲೇ ಹೇಳಿದ್ದು ಇದನ್ನೇ. ಓಣಿಗೆ ಡೆಂಗಿ ಓಣಿ ಎಂದು ಹೆಸರು ಬಿದ್ದರೆ ಬಾಡಿಗೆಗೆ ಯಾರೂ ಬರುವುದಿಲ್ಲ.

ಮಾಳಮಡ್ಡಿಯ ಗಣಿತ ಮಾಸ್ತರ
ವಕೀಲರ ಮಾತನ್ನು ಒಪ್ಪುತ್ತೇನೆ, ಆದರೆ ಅದರಿಂದ ದಾಖಲೆಯೇ ಬೇಡವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಡೆಂಗಿ ಕೊರೊನಾದಂತೆ ಮನುಷ್ಯನಿಂದ ಮನುಷ್ಯನಿಗೆ ಉಸಿರಿನ ಮೂಲಕ ಹರಡುವುದಿಲ್ಲ. 2021ರ ನವೆಂಬರ್‌ನಲ್ಲಿ ಧಾರವಾಡದ ವೈದ್ಯಕೀಯ ಕಾಲೇಜಿನಲ್ಲಿ ಮೊದಲು 66 ಜನರಲ್ಲಿ ಕೊರೊನಾ ಕಂಡುಬಂದು ಎರಡು ದಿನಗಳಲ್ಲಿ ಸಂಖ್ಯೆ 281ಕ್ಕೆ ಏರಿದಾಗ, ಯಾರು ಯಾರ ಸಂಪರ್ಕಕ್ಕೆ ಬಂದರು, ಯಾವ ಸಮಾರಂಭದಲ್ಲಿ ಸೇರಿದ್ದರು ಎಂಬುದನ್ನು ಹೆಸರು ಹಿಡಿದೇ ಹುಡುಕಬೇಕಿತ್ತು. ಡೆಂಗಿಯಲ್ಲಿ ಹುಡುಕಬೇಕಾದದ್ದು ಸೊಳ್ಳೆಯ ಜಾಗವನ್ನು. ಈಡಿಸ್ ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರು, ಇನ್ನೂರು ಮೀಟರಿನೊಳಗೆ ಬದುಕಿ ಸಾಯುತ್ತದೆ. ಆದ್ದರಿಂದ ಹೆಸರು ಬೇಡ, ಮನೆ ಸಂಖ್ಯೆಯೂ ಬೇಡ. ಓಣಿಯನ್ನು ನಾಲ್ಕಾರು ತುಂಡುಗಳಾಗಿ ಮಾಡಿ, ಯಾವ ತುಂಡಿನಲ್ಲಿ ಯಾವ ದಿನ ಹೊಸ ಜ್ವರ ಆರಂಭವಾಯಿತು ಎಂದು ಬರೆದರೆ ನಮಗೆ ಬೇಕಾದ್ದು ಸಿಗುತ್ತದೆ.

ಆ ದಿನಾಂಕ ಜ್ವರ ಆರಂಭವಾದದ್ದಿರಬೇಕು, ವರದಿ ಬಂದದ್ದಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಸೊಳ್ಳೆ ಕಚ್ಚಿ ಜ್ವರ ಬರಲು ಸುಮಾರು ಒಂದು ವಾರ, ಜ್ವರ ಬಂದು ಪರೀಕ್ಷೆಗೆ ಹೋಗಲು ಮೂರು ನಾಲ್ಕು ದಿನ, ಎಲೈಸಾ ಫಲಿತಾಂಶ ಬಂದು ಪಟ್ಟಿ ಸೇರಲು ಮತ್ತೆ ಕೆಲವು ದಿನ. ಇಂದಿನ ಪತ್ರಿಕೆಯಲ್ಲಿರುವ ಸಂಖ್ಯೆ ಎರಡು ವಾರದ ಹಿಂದಿನ ಕಡಿತಗಳ ಸಂಖ್ಯೆ. ಅಷ್ಟರಲ್ಲಿ ರೋಗಿಯ ರಕ್ತ ಹೀರಿದ ಇನ್ನೊಂದು ಸೊಳ್ಳೆ, ಎಂಟರಿಂದ ಹನ್ನೆರಡು ದಿನಗಳಲ್ಲಿ, ತಾನೂ ವೈರಸ್ ಹರಡಲು ಸಿದ್ಧವಾಗಿರುತ್ತದೆ. ರೋಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನ ಅಂಗಳದಲ್ಲಿ ಹೊಗೆ ಹಾಕುವುದು ಬಹಳ ತಡವಾದ ಕೆಲಸ.

ಬೆಟಗೇರಿಯ ನೇಕಾರ
ಪಪ್ಪಾಯಿ ಎಲೆಯ ರಸ ಕುಡಿದರೆ ಪ್ಲೇಟ್‌ಲೆಟ್ ಏರುತ್ತದೆ ಎನ್ನುತ್ತಾರಲ್ಲ, ಅದು ನಿಜವೇ?

ರಕ್ತಪರೀಕ್ಷೆಯ ಮೇಜಿನಿಂದ
ಅದನ್ನು ನಿಮ್ಮ ವೈದ್ಯರನ್ನೇ ಕೇಳಿ, ಇಲ್ಲಿ ರೋಗದ ಹರಡುವಿಕೆಯ ಚರ್ಚೆ ನಡೆಯಲಿ. ಒಂದು ಮಾತು ಮಾತ್ರ ಹೇಳುತ್ತೇನೆ: ಜ್ವರ ಇಳಿದ ಮೇಲೆ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಯಾವ ರಸಕ್ಕೂ ಕಾಯದೆ ಆಸ್ಪತ್ರೆಗೆ ಹೋಗಿ.

ಬೆಟಗೇರಿಯ ನೇಕಾರ
ಆಗಲಿ ತಾಯಿ. ಹಾಗಾದರೆ ನಾನು ಕೇಳಬೇಕಾದ ನಿಜವಾದ ಪ್ರಶ್ನೆ ಕೇಳುತ್ತೇನೆ. ಇಷ್ಟು ಹೊತ್ತು ನೀವೆಲ್ಲ ರೋಗಿಯ ಬಗ್ಗೆ, ಸೊಳ್ಳೆಯ ಬಗ್ಗೆ ಬರೆದಿರಿ, ನಳದ ಬಗ್ಗೆ ಯಾರೂ ಬರೆಯಲಿಲ್ಲ. ಗದಗ-ಬೆಟಗೇರಿಯಲ್ಲಿ ಬೇಸಿಗೆಯಲ್ಲಿ ನಳಕ್ಕೆ ನೀರು ಬರುವ ಅಂತರ ಎರಡು ವಾರ ದಾಟಿದ್ದನ್ನು ನಾವು ಕಂಡಿದ್ದೇವೆ. ಮಗ್ಗದ ಮನೆಯಲ್ಲಿ ಮೂಲೆಗೊಂದು ಬ್ಯಾರೆಲ್ ಇರುತ್ತದೆ, ಹಿತ್ತಲಲ್ಲಿ ಸಿಮೆಂಟಿನ ಟಾಕಿ ಇರುತ್ತದೆ, ಅದರ ಪಕ್ಕದಲ್ಲಿ ಹಂಡೆ, ಕೊಡಗಳ ಸಾಲು ಇರುತ್ತದೆ. ವಾರಕ್ಕೊಮ್ಮೆ ಎಲ್ಲವನ್ನೂ ಚೆಲ್ಲಿ ಒಣಗಿಸಿ ಎಂದು ಧ್ವನಿವರ್ಧಕದಲ್ಲಿ ಕೂಗುತ್ತಾರೆ. ಮುಂದಿನ ನೀರು ಯಾವಾಗ ಬರುತ್ತದೆಂದು ಗೊತ್ತಿಲ್ಲದ ಮನೆಯವರು ಇರುವ ನೀರನ್ನು ಚೆಲ್ಲುತ್ತಾರೆಯೇ?

ಹಳೇ ಹುಬ್ಬಳ್ಳಿಯ ಆಶಾ ಕಾರ್ಯಕರ್ತೆ
ನೇಕಾರ ಅಣ್ಣಾವರು ಹೇಳಿದ್ದು ನಾನು ಪ್ರತಿದಿನ ನೋಡುವ ಸಂಗತಿ. ಲಾರ್ವಾ, ಅಂದರೆ ಸೊಳ್ಳೆ ಮರಿಗಳ ಸಮೀಕ್ಷೆಗೆ ಹೋದಾಗ ಅಂಗಳದ ಬ್ಯಾರೆಲ್ ತೋರಿಸುತ್ತಾರೆ, ಬಚ್ಚಲ ಮನೆಯದನ್ನೂ ಮಾಳಿಗೆಯ ಮೇಲಿನದನ್ನೂ ತೋರಿಸುವುದಿಲ್ಲ. ಟಾರ್ಚ್ ಬಿಟ್ಟ ಕೂಡಲೇ ಮರಿಗಳು ನುಲಿಯುತ್ತ ತಳಕ್ಕೆ ಇಳಿಯುತ್ತವೆ, ನೋಡಿದವರು ಏನೂ ಇಲ್ಲವೆಂದು ಮುಂದೆ ಹೋಗುತ್ತಾರೆ. ಅಲುಗಾಡದೆ ಸ್ವಲ್ಪ ಹೊತ್ತು ನಿಂತರೆ ಉಸಿರಿಗಾಗಿ ಒಂದೊಂದೇ ಮೇಲೆ ಬಂದು, ತಲೆ ಕೆಳಗೆ ಮಾಡಿ, ನೀರಿನ ಮೇಲ್ಮೈಗೆ ಓರೆಯಾಗಿ ಜೋತುಬೀಳುತ್ತವೆ. ಆಗ ಮನೆಯವರನ್ನು ಕರೆದು ತೋರಿಸುತ್ತೇನೆ. ಬಾಯಿಮಾತಿನಲ್ಲಿ ಹೇಳಿದರೆ ನಂಬದವರು ಕಣ್ಣಾರೆ ಕಂಡ ಮೇಲೆ ತಾವೇ ಬ್ಯಾರೆಲ್ ಉಜ್ಜಲು ಕೂರುತ್ತಾರೆ.

ಉಜ್ಜುವುದು ಮುಖ್ಯ. ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ತುಸು ಮೇಲೆ ಒಳಗೋಡೆಗೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತವೆ. ನೀರು ಚೆಲ್ಲಿದ ಮಾತ್ರಕ್ಕೆ ಅವು ಹೋಗುವುದಿಲ್ಲ. ಮತ್ತೆ ನಳ ಬಂದು ಬ್ಯಾರೆಲ್ ತುಂಬಿದಾಗ ಒಡೆಯುತ್ತವೆ. ಚೆಲ್ಲಲಾಗದ ದೊಡ್ಡ ಟಾಕಿಗೆ ಮರಿಗಳನ್ನು ಕೊಲ್ಲುವ ಟೆಮಿಫಾಸ್ ಔಷಧ ಹಾಕುತ್ತೇವೆ, ಬಾಯಿಗೆ ಬಟ್ಟೆ ಬಿಗಿದು ಕಟ್ಟಲು ಹೇಳುತ್ತೇವೆ. ಹರಿದ ಸೀರೆಯ ಒಂದೆಳೆ ಸಾಲದು, ಎರಡು ಮಡಿಕೆ ಬೇಕು.

ಉಣಕಲ್ ನಿವಾಸಿ
ಅಕ್ಕಾವರೇ, ಸಮೀಕ್ಷೆಯ ಫಲಿತಾಂಶ ನಮಗೆ ಅರ್ಥವಾಗುವಂತೆ ಬರೆದಿಡುವ ಕ್ರಮ ಇದೆಯೇ?

ಹಾವೇರಿಯ ನಿವೃತ್ತ ಆರೋಗ್ಯ ನಿರೀಕ್ಷಕ
ಇದೆ, ನಾನು ಹೇಳುತ್ತೇನೆ. ಉದಾಹರಣೆಗೆ 100 ಮನೆ ನೋಡಿದಿರಿ, 12 ಮನೆಗಳಲ್ಲಿ ಮರಿಗಳು ಸಿಕ್ಕವು, ಆ 12 ಮನೆಗಳ ಒಟ್ಟು 20 ಪಾತ್ರೆಗಳಲ್ಲಿ ಮರಿಗಳಿದ್ದವು ಎಂದಿಟ್ಟುಕೊಳ್ಳಿ. ಮನೆ ಸೂಚ್ಯಂಕ 12, ಬ್ರೆಟೊ ಸೂಚ್ಯಂಕ 20. ಮೊದಲನೆಯದು ಎಷ್ಟು ಮನೆಗಳಲ್ಲಿ ಸಮಸ್ಯೆ ಇದೆ ಎಂದು ಹೇಳಿದರೆ, ಎರಡನೆಯದು ಸೊಳ್ಳೆಗೆ ಎಷ್ಟು ತಾವುಗಳಿವೆ ಎಂದು ಹೇಳುತ್ತದೆ. ಜ್ವರದ ಸಂಖ್ಯೆ ಏರುವ ಮೊದಲೇ ಇವು ಏರುತ್ತವೆ. ಜ್ವರಕ್ಕಾಗಿ ಕಾಯುತ್ತ ಕೂರಬೇಕಿಲ್ಲ ಎಂಬುದು ಇವುಗಳ ದೊಡ್ಡ ಉಪಯೋಗ, ಮತ್ತು ಇದರಲ್ಲಿ ಯಾವ ರೋಗಿಯ ಹೆಸರೂ ಬರುವುದಿಲ್ಲ.

ಕೇಶ್ವಾಪುರದ ವಕೀಲೆ
ಈ ಲೆಕ್ಕಕ್ಕೆ ನನ್ನ ಪೂರ್ಣ ಬೆಂಬಲವಿದೆ. ಕಾನೂನು ಕೂಡ ಈಗ ಇದರ ಜೊತೆಗಿದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಸೊಳ್ಳೆ ಹುಟ್ಟಲು ಬಿಟ್ಟ ಮನೆಯವರಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ, ಕಟ್ಟಡ ನಿರ್ಮಾಣದ ಜಾಗ ಮತ್ತು ಖಾಲಿ ನಿವೇಶನಗಳಿಗೆ ನಗರದಲ್ಲಿ 2000 ರೂಪಾಯಿ ದಂಡ ಎಂದು ಗೊತ್ತುಮಾಡಿತು.

ಬೆಟಗೇರಿಯ ನೇಕಾರ
ನೀರು ಹಿಡಿದಿಟ್ಟುಕೊಂಡವನಿಗೆ 400 ರೂಪಾಯಿ ದಂಡ ಹಾಕುವ ಮೊದಲು, ಅವನು ಏಕೆ ಹಿಡಿದಿಟ್ಟುಕೊಂಡ ಎಂದು ಕೇಳಬೇಕು. ಕಟ್ಟಡ ಕಟ್ಟುವವರ ವಿಷಯದಲ್ಲಿ ದಂಡ ನ್ಯಾಯ. ಲಿಫ್ಟಿನ ಗುಂಡಿಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲಿಸಿದವನನ್ನೂ ನಳದ ದಾರಿ ಕಾಯುವ ಹೆಣ್ಣುಮಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮಾಳಮಡ್ಡಿಯ ಗಣಿತ ಮಾಸ್ತರ
ನೇಕಾರರು ಈ ಚರ್ಚೆಯ ಬೇರನ್ನೇ ಹಿಡಿದಿದ್ದಾರೆ. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು ಏಳರಿಂದ ಹತ್ತು ದಿನ ಬೇಕು. ನಳ ಬರುವ ಅಂತರ ಅದಕ್ಕಿಂತ ಕಡಿಮೆಯಿದ್ದರೆ ಬ್ಯಾರೆಲ್ ಬರಿದಾಗಿ ಮರಿಗಳು ಹೊರಚೆಲ್ಲುವ ಸಾಧ್ಯತೆ ಇರುತ್ತದೆ, ಹೆಚ್ಚಿದ್ದರೆ ಒಂದು ಪೀಳಿಗೆ ಪೂರ್ತಿ ಬೆಳೆದು ಹಾರುತ್ತದೆ. ಆದ್ದರಿಂದ ಜ್ವರದ ನಕ್ಷೆಯ ಮೇಲೆ ನೀರು ಬಿಡುವ ವೇಳಾಪಟ್ಟಿಯನ್ನು ಇಟ್ಟು ನೋಡಬೇಕು.

ಹುಬ್ಬಳ್ಳಿ-ಧಾರವಾಡ ಇದಕ್ಕೆ ಹೇಳಿ ಮಾಡಿಸಿದ ಊರು. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ 2008ರ ಸುಮಾರಿಗೆ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಬಂತು, ಉಳಿದ ಕಡೆ ದಿನಗಳ ಅಂತರದಲ್ಲಿ ಬರುವುದು ಮುಂದುವರಿಯಿತು. ಈ ಎರಡೂ ಬಗೆಯ ವಾರ್ಡುಗಳ ಸಾವಿರಾರು ಕುಟುಂಬಗಳನ್ನು ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದು ಭೇದಿ, ಟೈಫಾಯ್ಡ್‌ನಂಥ ನೀರಿನ ರೋಗಗಳನ್ನು ಕುರಿತದ್ದು. ಸಾಮಾನ್ಯ ಭೇದಿಯಲ್ಲಿ ಒಟ್ಟಾರೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ, ಆದರೆ ನಿರಂತರ ನೀರಿದ್ದ ಕಡೆ ಟೈಫಾಯ್ಡ್ ಕಡಿಮೆ ಇತ್ತು. ಅದೇ ರೀತಿಯಲ್ಲಿ ಡೆಂಗಿಯನ್ನು ಹೋಲಿಸಿ ನೋಡುವುದು ನಮ್ಮ ವಿಶ್ವವಿದ್ಯಾಲಯಗಳಿಗೂ ವೈದ್ಯಕೀಯ ಕಾಲೇಜುಗಳಿಗೂ ಕೈಗೆಟುಕುವ ಕೆಲಸ.

ಸಪ್ತಾಪುರದ ಅಭ್ಯರ್ಥಿ
ಕೊಳಚೆ ನೀರನ್ನು ಪರೀಕ್ಷಿಸಿ ವೈರಸ್ ಪತ್ತೆ ಮಾಡುತ್ತಾರೆ ಎಂದು ಓದಿದ್ದೇನೆ. ಅದನ್ನು ಇಲ್ಲಿ ಮಾಡಲಾಗದೇ?

ರಕ್ತಪರೀಕ್ಷೆಯ ಮೇಜಿನಿಂದ
ಪೋಲಿಯೊ ಮತ್ತು ಕೊರೊನಾ ವೈರಸ್ ಮಲದಲ್ಲಿ ಸಾಕಷ್ಟು ಹೊರಬೀಳುವುದರಿಂದ ಆ ವಿಧಾನ ಅವಕ್ಕೆ ಹೊಂದುತ್ತದೆ, ಬೆಂಗಳೂರಿನಲ್ಲಿ ಕೊರೊನಾಕ್ಕೆ ಬಳಸಿದ್ದಾರೆ. ಡೆಂಗಿಗೆ ಅದನ್ನೇ ನಂಬಿ ಕೂರುವಂತಿಲ್ಲ. ಮೇಲಾಗಿ, ಒಳಚರಂಡಿ ಇಲ್ಲದೆ ತೆರೆದ ಗಟಾರಕ್ಕೆ ನೀರು ಬಿಡುವ ಬಡಾವಣೆಗಳಲ್ಲಿ ಯಾವ ನೀರು ಯಾವ ಮನೆಗಳದ್ದು ಎಂದು ಹೇಳುವುದು ಹೇಗೆ?

ಗೋಕುಲ ರಸ್ತೆಯ ವ್ಯಾಪಾರಿ
ಹೆಸರು, ಮನೆ ಸಂಖ್ಯೆ ಬರೆಯುವುದಿಲ್ಲ ಎಂದಾದರೆ ನನ್ನ ಆಕ್ಷೇಪ ಕಡಿಮೆಯಾಗುತ್ತದೆ. ಆದರೆ ಸಂಘದ ಲೆಕ್ಕವನ್ನು ಅಧಿಕಾರಿಗಳು ನಂಬುತ್ತಾರೆಯೇ? ನಮ್ಮ ಊರಿನಲ್ಲಿ ಹೀಗೆ ಹಿಂದೆ ಯಾರಾದರೂ ಲೆಕ್ಕ ಇಟ್ಟಿದ್ದಾರೆಯೇ?

ಮಾಳಮಡ್ಡಿಯ ಗಣಿತ ಮಾಸ್ತರ
ಇಟ್ಟಿದ್ದಾರೆ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಮಹಾಮಾರಿ ಹಬ್ಬಿದಾಗ ವಿಜ್ಞಾನಿ ಹಾಫ್ಕಿನ್ ಅವರ ಲಸಿಕೆಯನ್ನು ಊರಿನ ಬಹುಪಾಲು ಜನರಿಗೆ ಹಾಕಿ, ಲಸಿಕೆ ಪಡೆದವರು ಮತ್ತು ಪಡೆಯದವರ ಸಾವುಗಳನ್ನು ವಾರವಾರವೂ ಬೇರೆಬೇರೆಯಾಗಿ ಬರೆದಿಟ್ಟರು. ಲಸಿಕೆಯ ಪರಿಣಾಮವನ್ನು ಹೊರಜಗತ್ತಿಗೆ ತೋರಿಸಲು ಆ ವಾರವಾರದ ಲೆಕ್ಕಗಳು ನೆರವಾದವು.

ರಕ್ತಪರೀಕ್ಷೆಯ ಮೇಜಿನಿಂದ
ಮಾಸ್ತರರೇ, ಪ್ಲೇಗ್ ಬ್ಯಾಕ್ಟೀರಿಯಾದ ರೋಗ, ವೈರಸ್ಸಿನದ್ದಲ್ಲ. ಲೆಕ್ಕ ಇಡುವ ಕ್ರಮದ ಬಗ್ಗೆ ನೀವು ಹೇಳಿದ್ದಕ್ಕೆ ಇದರಿಂದ ಬಾಧೆಯಿಲ್ಲ. ಡೆಂಗಿಯಲ್ಲಿ ನಾಲ್ಕು ಬಗೆಯ ವೈರಸ್‌ಗಳಿವೆ. ಒಂದು ಬಗೆ ಬಂದುಹೋದವರಿಗೆ ಮುಂದೆ ಇನ್ನೊಂದು ಬಗೆ ತಗುಲಿದರೆ ರೋಗ ಉಲ್ಬಣಿಸುವ ಸಂಭವ ಹೆಚ್ಚು. ಹೀಗಾಗಿ ಹಿಂದೆ ಎಂದಾದರೂ ಡೆಂಗಿ ಬಂದಿತ್ತೇ ಎಂಬ ಪ್ರಶ್ನೆ ವೈದ್ಯರಿಗೆ ಬೇಕು, ಸಂಘದ ಪುಸ್ತಕಕ್ಕೆ ಬೇಡ.

ಉಣಕಲ್ ನಿವಾಸಿ
ಎಲ್ಲರಿಗೂ ವಂದನೆಗಳು. ಇಲ್ಲಿ ಬಂದ ಮಾತುಗಳಿಂದ ಪುಸ್ತಕದ ರೂಪ ಹೀಗೆ ಮಾಡಿದ್ದೇವೆ: ಓಣಿಯ ತುಂಡು, ಜ್ವರ ಆರಂಭವಾದ ದಿನಾಂಕ, ಪರೀಕ್ಷೆ ಆಗಿದ್ದರೆ ಯಾವುದು ಮತ್ತು ಎಷ್ಟನೇ ದಿನ, ಹಗಲು ಹೊತ್ತು ಕಳೆದ ಬಡಾವಣೆ, ಕಳೆದ ಬಾರಿ ನಳ ಬಂದ ದಿನಾಂಕ, ನೋಡಿದ ಪಾತ್ರೆಗಳು ಮತ್ತು ಮರಿಗಳಿದ್ದ ಪಾತ್ರೆಗಳು. ಹೆಸರು, ವಯಸ್ಸು, ಮನೆ ಸಂಖ್ಯೆ ಇರುವುದಿಲ್ಲ. ಪಿಜಿಗಳಿಗೆ ಬೇರೆ ಹಾಳೆ ಇರುತ್ತದೆ, ಊರಿಗೆ ಹೋದವರ ಜ್ವರವನ್ನೂ ಅದರಲ್ಲಿ ಬರೆಯುತ್ತೇವೆ.

ಕೇಶ್ವಾಪುರದ ವಕೀಲೆ
ಒಂದು ತುಂಡಿನಲ್ಲಿ ಕನಿಷ್ಠ ಇಪ್ಪತ್ತು ಮನೆಗಳಾದರೂ ಇರಲಿ. ಮೂರು ಮನೆಗಳ ತುಂಡು ಮಾಡಿದರೆ ಹೆಸರು ಬರೆದಂತೆಯೇ ಆಗುತ್ತದೆ.

ಹಳೇ ಹುಬ್ಬಳ್ಳಿಯ ಆಶಾ ಕಾರ್ಯಕರ್ತೆ
ಫ್ರಿಜ್ ಹಿಂದಿನ ತಟ್ಟೆಯನ್ನೂ ಪಾತ್ರೆಯೆಂದೇ ಎಣಿಸಿ. ಅದನ್ನು ಯಾರೂ ನೋಡುವುದಿಲ್ಲ.

ಹಾವೇರಿಯ ನಿವೃತ್ತ ಆರೋಗ್ಯ ನಿರೀಕ್ಷಕ
ಹಾಳೆಯನ್ನು ನಿಮ್ಮ ಭಾಗದ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಪ್ರತಿ ಸೋಮವಾರ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಸಹಿ ತೆಗೆದುಕೊಳ್ಳಿ. ಹೊಸ ಜ್ವರ ಬಾರದ ವಾರವೂ ಹಾಳೆ ಹೋಗಲಿ, ಪ್ರತಿ ತುಂಡಿನ ಎದುರು ಸೊನ್ನೆ ಬರೆಯಿರಿ. ಜಾಗ ಖಾಲಿ ಬಿಟ್ಟರೆ, ಜ್ವರ ಇರಲಿಲ್ಲವೋ ಯಾರೂ ಹೋಗಿ ಕೇಳಲಿಲ್ಲವೋ ಎಂಬುದು ಓದುವವರಿಗೆ ತಿಳಿಯುವುದಿಲ್ಲ.

ಬೆಟಗೇರಿಯ ನೇಕಾರ
ಆ ಹಾಳೆಯ ಖಾಲಿ ನಮೂನೆಯನ್ನು ಇಲ್ಲಿ ಹಾಕಿ ಸರ್. ನಮ್ಮ ಓಣಿಯಲ್ಲಿ ನಾಡಿದ್ದು ನಳ ಬರುವ ಸರದಿ ಇದೆ, ಅಂದು ಎಲ್ಲರೂ ಮನೆಯಲ್ಲೇ ಇರುತ್ತಾರೆ, ಅಂದೇ ಆರಂಭಿಸುತ್ತೇವೆ.